ಎರಡು ಗಾಡಿದಾರಿಗಳ ನಡುವೆ ಬಳಿದ ಹಳದಿ

ಹೋದ ತಿಂಗಳು ತಂಗಿಯ ಮಗಳ ಮದುವೆಗೆಂದು ತಲೆಗೆ ಬಣ್ಣ ಹಾಕಿಸಿಕೊಳ್ಳಲು ವಿಜಯನಗರದ ಕ್ಷೌರದಂಗಡಿಯೊಂದಕ್ಕೆ ಹೋಗಿದ್ದೆ. ಅರವತ್ತೈದು ದಾಟಿದವನಿಗೆ ಈ ಶೋಕಿ ಯಾಕೆ ಎಂದು ನಾನು, ಫೋಟೋದಲ್ಲಿ ನೆಟ್ಟಗೆ ಕಾಣಬೇಕು ಎಂದು ಹೆಂಡತಿ. ಎಂದಿನಂತೆ ಅವಳೇ ಗೆದ್ದಳು. ಅಂಗಡಿಯವನು ಬಟ್ಟಲಲ್ಲಿ ಬಣ್ಣ ಕಲಸಿದ್ದೇ ತಡ, ಅಮೋನಿಯಾದ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ತುಂಬಿತು. ಉರಿಯುತ್ತಿದೆಯಾ ಎಂದು ಕೇಳಿದ. ಏನಿಲ್ಲ, ಹಚ್ಚಪ್ಪ ಎಂದೆ. ಹಚ್ಚಿ ಮುಗಿಸಿ, ಅರ್ಧ ಗಂಟೆ ಒಣಗಲಿ ಎಂದು ಕೂರಿಸಿ ಅವನು ಬೇರೆ ಗಿರಾಕಿಯ ಕಡೆ ಹೋದ. ಆ ಅರ್ಧ ಗಂಟೆ ನಾನು ಕನ್ನಡಿಯ ಎದುರೇ ಕೂತಿದ್ದರೂ ನನ್ನ ಕಣ್ಣ ಮುಂದೆ ಇದ್ದದ್ದು ಎಂಬತ್ತರ ದಶಕದ ಮೊದಮೊದಲ ಒಂದು ವರ್ಷ, ಮತ್ತು ಹೇರೋಹಳ್ಳಿಯ ಕಡೆಯಿಂದ ನಮ್ಮ ಬೀದಿಗೆ ಸೊಪ್ಪು ತರುತ್ತಿದ್ದ ಚಿಕ್ಕತಾಯಮ್ಮ.

ಆಗ ನನಗೆ ಇಪ್ಪತ್ತೆರಡು. ಊರಿನ ಬೆಳವಣಿಗೆಗೆ ನಕ್ಷೆ ಹಾಕುವ ಸರ್ಕಾರಿ ಕಛೇರಿಯೊಂದರಲ್ಲಿ ಟ್ರೇಸರ್ ಕೆಲಸ. ಮೇಲಿನವರು ಪೆನ್ಸಿಲ್ಲಿನಲ್ಲಿ ಹಾಕಿದ ಗೆರೆಗಳನ್ನು ತೆಳುವಾದ ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದುವುದು, ಅದರಿಂದ ಪ್ರಿಂಟ್ ತೆಗೆಯುವುದು, ಪ್ರಿಂಟಿಗೆ ಕೈಯಲ್ಲೇ ಬಣ್ಣ ಹಾಕುವುದು. ಪ್ರಿಂಟ್ ತೆಗೆಯಲು ಕೋಣೆಯ ಮೂಲೆಯಲ್ಲಿ ಆಳೆತ್ತರದ ಮರದ ಪೆಟ್ಟಿಗೆಯಿತ್ತು. ಬಿಸಿಲಿಗೆ ಹಿಡಿದ ಕಾಗದವನ್ನು ಸುರುಳಿ ಸುತ್ತಿ ಅದರೊಳಗಿಟ್ಟು, ತಳದಲ್ಲಿ ಅಮೋನಿಯಾ ತುಂಬಿದ ಬಟ್ಟಲಿಟ್ಟು ಮುಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಗೆರೆಗಳು ಮೂಡಿಕೊಳ್ಳುತ್ತಿದ್ದವು. ನಮ್ಮ ಅಂಗಿ, ಊಟದ ಡಬ್ಬಿ, ಬಸ್ಸಿನಲ್ಲಿ ಪಕ್ಕ ಕೂತವರ ಮುಖ, ಎಲ್ಲದರ ಮೇಲೂ ಆ ವಾಸನೆಯ ಪರಿಣಾಮ ಕಾಣುತ್ತಿತ್ತು.

ಆ ವರ್ಷ ಇಡೀ ಬೆಂಗಳೂರಿನ ಹೊಸ ನಕ್ಷೆ ಸಿದ್ಧವಾಗುತ್ತಿತ್ತು. ಮನೆಗಳಿಗೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಊರಿನ ಅಂಚಿಗೆ ಸುತ್ತಲೂ ಒಂದು ಹಸಿರು ಪಟ್ಟಿ. ಹಸಿರಿನಲ್ಲಿ ಹೊಲ ಹೊಲವಾಗಿಯೇ ಇರಬೇಕು, ಮನೆ ಕಟ್ಟುವಂತಿಲ್ಲ. ನನ್ನ ಪಾಲಿಗೆ ಬಂದದ್ದು ಪಶ್ಚಿಮದ ಹಾಳೆಗಳು: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಯಂಡಹಳ್ಳಿ, ಆಚೆ ಕೆಂಗೇರಿಯ ತನಕ. ಬೇಸಿಗೆಯಲ್ಲಿ ಬಣ್ಣ ಹಾಕುವುದೆಂದರೆ ಹಿಂಸೆ. ಕುಂಚ ಎತ್ತುವಷ್ಟರಲ್ಲಿ ಒಣಗಿ ಅಂಚಿಗೆ ಕಲೆ ಕಟ್ಟುತ್ತದೆ. ಫ್ಯಾನ್ ಆರಿಸಿ, ಬೋರ್ಡನ್ನು ಓರೆ ಮಾಡಿ, ಬೆವರು ಹಾಳೆಯ ಮೇಲೆ ಬೀಳದಂತೆ ಹಣೆಗೆ ಕರವಸ್ತ್ರ ಕಟ್ಟಿಕೊಂಡು ಬಳಿಯುತ್ತಿದ್ದೆ. ಒಂದು ಹಾಳೆಯಲ್ಲಿ ನಮ್ಮ ಬೀದಿಯೂ ಬಂತು. ಅದಕ್ಕೆ ಮಾತ್ರ ಪ್ರೀತಿಯಿಂದ ಎರಡು ಕೈ ಹಾಕಿದೆ, ಪಕ್ಕದ ಬೀದಿಗಿಂತ ಗಾಢವಾಗಿ ಕಂಡು ಬೈಸಿಕೊಂಡೆ.

ನನ್ನ ಕೆಲಸ ಇಂಥದ್ದು ಎಂದು ನಮ್ಮಮ್ಮ ಬೀದಿಗೆಲ್ಲ ಸಾರಿದ್ದರು. ಇಡೀ ಬೆಂಗಳೂರಿಗೆ ಬಣ್ಣ ಬಳಿಯುವವನು ನಮ್ಮ ಮೂರ್ತಿಯೇ ಎಂಬ ಧಾಟಿಯಲ್ಲಿ. ಅಪ್ಪ ದುಡಿಯುತ್ತಿದ್ದ ಗಿರಣಿ ಮುಚ್ಚಿ ವರ್ಷವಾಗಿತ್ತು, ಮನೆಗೆ ನನ್ನ ಸಂಬಳವೊಂದೇ ಆಧಾರ; ಅವರ ಹೆಮ್ಮೆಗೆ ಅಷ್ಟಾದರೂ ಕಾರಣವಿತ್ತು. ಆ ಮಾತು ಚಿಕ್ಕತಾಯಮ್ಮನ ಕಿವಿಗೂ ಬಿತ್ತು.

ಚಿಕ್ಕತಾಯಮ್ಮ ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. ಬೆಳಗಿನ ಮೊದಲ ಬಸ್ಸಿಗೆ ಮಾಗಡಿ ರಸ್ತೆಯಲ್ಲಿ ಬುಟ್ಟಿ ಹೇರಿಕೊಂಡು ಬಂದು, ನಮ್ಮ ಬೀದಿಗಳನ್ನು ಮುಗಿಸಿ, ಬಿಸಿಲೇರುವ ಮುಂಚೆ ಹೊಲಕ್ಕೆ ವಾಪಸ್ಸು. ತೀರಿಕೊಂಡ ಗಂಡನಿಂದ ಬಂದ ಎರಡು ಎಕರೆ, ಒಂದು ಬಾವಿ. ದಂಟು, ಮೆಂತ್ಯ, ಕೊತ್ತಂಬರಿ, ಬದುವಿನ ಕಡೆಗೆ ಸೇವಂತಿಗೆ. ಹೊಲ ಅವರದಾದರೂ ಮನೆ ಅವರದಲ್ಲ. ಊರೊಳಗೆ ಮೈದುನನ ಮನೆಯ ಪಡಸಾಲೆಯಲ್ಲಿ ಅವರಿಗೂ ಮಗಳು ರತ್ನಳಿಗೂ ಒಂದು ಮೂಲೆ. ಒಲೆ ಹಚ್ಚುವ ಸರದಿಗೂ ಓರಗಿತ್ತಿಯ ಹತ್ತಿರ ಜಗಳ. ಬಾವಿಯ ಪಕ್ಕ ಒಂದು ಕೋಣೆ ಎಬ್ಬಿಸಿ ಬೇರೆ ಹೋಗಿಬಿಡಬೇಕು ಎಂಬುದು ಅವರ ಹಲವು ವರ್ಷದ ಆಸೆ. ಹಿಂದಿನ ವರ್ಷ ಗೋಡೆ ಎದೆಮಟ್ಟಕ್ಕೆ ಬಂದಿದ್ದಾಗ, ಇದು ಹಸಿರು ಜಾಗ, ಕಟ್ಟುವಂತಿಲ್ಲ ಎಂದು ತಪಾಸಣೆಯವರು ಬಂದು ಕೆಡವಿಸಿ ಹೋಗಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ದಂಟಿನ ಸೊಪ್ಪು ಆರಿಸುತ್ತಿದ್ದರು, ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ. ಚಿಕ್ಕತಾಯಮ್ಮ ನನ್ನನ್ನು ನಿಲ್ಲಿಸಿದರು.

"ಮೂರ್ತಪ್ಪ, ಹೊಸ ನಕ್ಷೇಲಿ ನಮ್ಮ ಹೊಲಕ್ಕೆ ಯಾವ ಬಣ್ಣ ಬಳ್ದಿದೀಯಪ್ಪ?"

ಇನ್ನೂ ಆ ಹಾಳೆಗೆ ಬಂದಿಲ್ಲ ಎಂದೆ.

"ಹಂಗಾದ್ರೆ ಹಳದಿ ಬಳ್ಕೊಡು. ರತ್ನಂಗೂ ನಂಗೂ ಒಂದು ಕೋಣೆ ಆದ್ರೆ ಸಾಕು. ಉಳಿದಿದ್ದೆಲ್ಲ ಹೆಂಗೂ ಸೊಪ್ಪೇ ಬೆಳೀತೀನಿ."

ಬಳಿದುಕೊಡೋ, ನಿನ್ನ ಗಂಟೇನು ಹೋಗುತ್ತೆ ಎಂದು ಅಮ್ಮನೂ ದನಿಗೂಡಿಸಿದರು. ಅದೆಲ್ಲ ದೊಡ್ಡವರು ತೀರ್ಮಾನ ಮಾಡೋದು, ನಾನು ಬರೀ ಬಳಿಯುವವನು ಎಂದು ನಕ್ಕು ಹೊರಟೆ. ಹೇಳುವಾಗ ಅದು ನಿಜವೇ ಆಗಿತ್ತು.

ಎರಡು ವಾರದ ಮೇಲೆ ಹೇರೋಹಳ್ಳಿಯ ಹಾಳೆ ನನ್ನ ಮೇಜಿಗೆ ಬಂತು. ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗಬೇಕು ಎಂಬುದಕ್ಕೆ ಮೇಲಿನವರ ಟಿಪ್ಪಣಿಯಲ್ಲಿ ಒಂದೇ ಸಾಲು: ಗೆರೆ ಗಾಡಿದಾರಿಯ ಗುಂಟ ಹೋಗತಕ್ಕದ್ದು. ಅಲ್ಲಿ ಗಾಡಿದಾರಿಗಳು ಎರಡಿದ್ದವು. ಗ್ರಾಮನಕ್ಷೆಯಲ್ಲಿದ್ದದ್ದು ಹಳೆಯದು, ಮಳೆ ನೀರು ಕೊರೆದೂ ಕೊರೆದೂ ಹಳ್ಳವಾಗಿ, ಗಾಡಿಗಳು ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಜನ ಓಡಾಡುತ್ತಿದ್ದದ್ದು ಅದರಾಚೆ, ಇನ್ನೂ ಪಶ್ಚಿಮಕ್ಕೆ ಬಿದ್ದಿದ್ದ ಹೊಸ ದಾರಿಯಲ್ಲಿ. ಚಿಕ್ಕತಾಯಮ್ಮನ ಹೊಲ ಎರಡರ ನಡುವೆ. ಹಳೆಯ ದಾರಿ ಹಿಡಿದರೆ ಹೊಲ ಹಸಿರಿಗೆ, ಹೊಸದು ಹಿಡಿದರೆ ಹಳದಿಗೆ.

ನಮ್ಮ ಹಿರಿಯ ನಕ್ಷೆಗಾರರು ಶಾಮಣ್ಣ. ಕನ್ನಡಕವನ್ನು ಹಣೆಗೇರಿಸಿಕೊಂಡೇ ಕೂದಲೆಳೆಯಷ್ಟು ಗೆರೆಯ ತಪ್ಪನ್ನೂ ಹಿಡಿಯುವವರು. ಅವರನ್ನು ಕೇಳಿದೆ. ಅವರಿಗೆ ಆ ದಿನ ಹದಿನಾರು ಹಾಳೆ ಮುಗಿಸುವ ಆತುರ. ನೀನು ಆ ಕಡೆಯವನಲ್ಲವೇನಯ್ಯ, ಗಾಡಿದಾರಿ ಯಾವುದು ಎಂದು ನಿನಗೆ ಗೊತ್ತಿರಬೇಕು, ನೋಡಿ ಹಾಕು ಎಂದರು. ನಾನು ಹೊಸ ದಾರಿಯನ್ನು ಹಿಡಿದೆ. ಗ್ರಾಮನಕ್ಷೆಯಲ್ಲಿ ಅದಿರಲಿಲ್ಲವಾದ್ದರಿಂದ ಅಂದಾಜಿನ ಮೇಲೆ ನಾನೇ ಎಳೆದು ಸೇರಿಸಿದೆ. ಆಮೇಲೆ ಬಟ್ಟಲಲ್ಲಿ ಹಳದಿ ಕದಡಿ, ಅಂಚಿಗೆ ಕಲೆ ಕಟ್ಟದಂತೆ ಒಂದೇ ಉಸಿರಿನಲ್ಲಿ ಬಳಿದೆ. ಮಾಡಬಾರದ್ದನ್ನು ಮಾಡುತ್ತಿದ್ದೇನೆ ಎಂದು ಸ್ವಲ್ಪವೂ ಅನ್ನಿಸಲಿಲ್ಲ. ಜನ ನಡೆಯುವ ದಾರಿಯೇ ದಾರಿಯಲ್ಲವೇ ಎಂಬ ಸಮಾಧಾನ ಇತ್ತು, ಒಬ್ಬ ಹೆಂಗಸಿಗೆ ಸೂರು ಮಾಡಿಕೊಟ್ಟೆ ಎಂಬ ಖುಷಿ ಅದಕ್ಕಿಂತ ಹೆಚ್ಚಾಗಿತ್ತು.

ಮಾರನೆಯ ದಿನ ಅಮ್ಮನ ಬಾಯಿಂದ ಸುದ್ದಿ ಕೇಳಿದ ಚಿಕ್ಕತಾಯಮ್ಮ ಬುಟ್ಟಿಯ ತಳದಲ್ಲಿದ್ದ ಎಳೆ ಮೆಂತ್ಯದ ಕಟ್ಟುಗಳನ್ನೆಲ್ಲ ನಮ್ಮ ಬಾಗಿಲಲ್ಲಿ ಸುರಿದು, ಕಾಸು ಮುಟ್ಟದೆ ಹೋದರು. ಮೂವತ್ತಾರು ವರ್ಷದ ನೌಕರಿಯಲ್ಲಿ ನಾನು ತಿಂದ ಲಂಚ ಅದೊಂದೇ. ವಾರವಿಡೀ ಮನೆಯಲ್ಲಿ ಮೆಂತ್ಯದ ಹುಳಿ, ಮೆಂತ್ಯದ ರೊಟ್ಟಿ. ಅಪ್ಪ ನಾಲ್ಕನೆಯ ದಿನ ಕೈ ಮುಗಿದರು.

ಮಳೆ ಹಿಡಿದ ಮೇಲೆ ನಕ್ಷೆಗೆ ಸರ್ಕಾರದ ಮುದ್ರೆ ಬಿತ್ತು. ಕಛೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ನಮ್ಮ ಪಾಲಿಗೆ ಊರಿನ ಕೆಲಸ ಅಲ್ಲಿಗೆ ಮುಗಿದಿತ್ತು. ಅದೇ ನಕ್ಷೆಯನ್ನು ಬೇರೊಂದು ಕಟ್ಟಡದಲ್ಲಿ, ಬೇರೊಂದು ಕಾಯ್ದೆಯ ಪುಸ್ತಕ ತೆರೆದಿಟ್ಟುಕೊಂಡು ಇನ್ಯಾರೋ ಓದುತ್ತಾರೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಶ್ರಾವಣದಲ್ಲಿ ಜಡಿಮಳೆ ಹಿಡಿದಿದ್ದ ಒಂದು ಭಾನುವಾರ ಚಿಕ್ಕತಾಯಮ್ಮ ಸೊಪ್ಪಿಲ್ಲದ ಬುಟ್ಟಿ ಹಿಡಿದು ಬಂದರು. ತಲೆಗೆ ಗೋಣಿಚೀಲದ ಕೊಪ್ಪೆ. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ನೋಟೀಸು. ನಾನೇ ಓದಿ ಹೇಳಿದೆ. ನಗರ ಭೂಮಿತಿ ಕಾಯ್ದೆಯ ಪ್ರಕಾರ ಈ ಊರಿನಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಖಾಲಿ ಜಾಗ ಒಂದು ಸಾವಿರ ಚದರ ಮೀಟರು. ಅಂದರೆ ಹತ್ತು ಗುಂಟೆಗೂ ಸ್ವಲ್ಪ ಕಡಿಮೆ. ನಿಮ್ಮಲ್ಲಿರುವ ಎರಡು ಎಕರೆಯಲ್ಲಿ ಮಿಕ್ಕದ್ದೆಲ್ಲ ಹೆಚ್ಚುವರಿ, ಅದನ್ನು ಸರ್ಕಾರ ಯಾಕೆ ತೆಗೆದುಕೊಳ್ಳಬಾರದು ಎಂದು ಕೇಳಿದ್ದರು.

"ಖಾಲಿ ಜಾಗ ಎಲ್ಲೈತಪ್ಪ? ಒಂದು ಗೇಣು ಖಾಲಿ ಬಿಟ್ಟಿಲ್ಲ ನಾನು," ಎಂದರು ಚಿಕ್ಕತಾಯಮ್ಮ.

ಏನೋ ತಪ್ಪಾಗಿದೆ, ಹೋಗಿ ಸರಿ ಮಾಡಿಸಿಕೊಂಡು ಬರೋಣ ಎಂದು ಧೈರ್ಯ ಹೇಳಿದೆ. ಹೊಲಕ್ಕೂ ಖಾಲಿ ಸೈಟಿಗೂ ವ್ಯತ್ಯಾಸ ತಿಳಿಯದ ದಡ್ಡರು ಯಾರೋ ಕಳಿಸಿದ್ದಾರೆ ಎಂದೇ ನಂಬಿದ್ದೆ. ಮಂಗಳವಾರ ರಜೆ ಹಾಕಿ ಅವರನ್ನು ಕರೆದುಕೊಂಡು ಭೂಮಿತಿ ಕಛೇರಿಗೆ ಹೋದೆ. ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ, ನಕ್ಷೆ ಕಛೇರಿಯವನು ಎಂದು ಪರಿಚಯ ಹೇಳಿಕೊಂಡೆ. ಅಲ್ಲಿದ್ದ ಅಧಿಕಾರಿ ದಡ್ಡರಾಗಿರಲಿಲ್ಲ. ನಿವೃತ್ತಿಗೆ ಹತ್ತಿರವಾದ, ಸೌಮ್ಯ ಮಾತಿನ ಮನುಷ್ಯ. ಕೂರಲು ಹೇಳಿ ನಿಧಾನವಾಗಿ ವಿವರಿಸಿದರು.

ಕಾಯ್ದೆ ದೆಹಲಿಯದು, ತುರ್ತು ಪರಿಸ್ಥಿತಿಯ ಕಾಲದ್ದು. ಊರೊಳಗೆ ಎಕರೆಗಟ್ಟಲೆ ಜಾಗ ಹಿಡಿದಿಟ್ಟುಕೊಂಡ ಶ್ರೀಮಂತರಿಂದ ಬಿಡಿಸಿ, ಮನೆಯಿಲ್ಲದವರಿಗೆ ಕೊಡಬೇಕೆಂದು ಮಾಡಿದ್ದು. ವ್ಯವಸಾಯದ ಜಮೀನನ್ನು ಅದು ಮುಟ್ಟುವುದಿಲ್ಲ. ಆದರೆ ಒಂದು ವಿವರಣೆ ಸೇರಿಸಿದ್ದಾರೆ: ಊರಿನ ನಕ್ಷೆಯಲ್ಲಿ ಬೇರೆ ಉದ್ದೇಶಕ್ಕೆ ಗುರುತಾದ ಜಮೀನನ್ನು ವ್ಯವಸಾಯದ್ದೆಂದು ಎಣಿಸುವಂತಿಲ್ಲ, ಅಲ್ಲಿ ಏನೇ ಬೆಳೆದಿದ್ದರೂ.

"ನಾನು ಬೆಳೆ ನೋಡೋ ಹಾಗಿಲ್ಲ, ಬಣ್ಣ ನೋಡ್ಬೇಕು. ಬಣ್ಣ ನಿಮ್ಮ ಆಫೀಸಿಂದು. ನೀವು ಹಳದಿ ಅಂದಿದೀರಿ," ಎಂದರು.

ಅವರೇ ದಾರಿಯನ್ನೂ ತೋರಿಸಿದರು. ಈ ಅಂಚಿನ ಜಮೀನುಗಳಲ್ಲಿ ಗೆರೆ ಆಚೀಚೆ ಆಗುವುದುಂಟು. ನಿಮ್ಮ ಕಛೇರಿಗೆ ಒಂದು ಪತ್ರ ಬರೆಯುತ್ತೇನೆ, ಈ ಸರ್ವೆ ನಂಬರು ಗೆರೆಯ ಯಾವ ಪಕ್ಕಕ್ಕಿದೆ ಎಂದು. ಹಸಿರಿನ ಪಕ್ಕಕ್ಕೆ ಎಂದು ನೀವು ಬರೆದುಕೊಟ್ಟರೆ ಅವತ್ತೇ ಫೈಲು ಮುಚ್ಚುತ್ತೇನೆ ಎಂದರು. ಕೈ ಮುಗಿದು ಹೊರಗೆ ಬಂದೆ. ಸಾಹೇಬರು ಏನಂದರು ಎಂದು ಚಿಕ್ಕತಾಯಮ್ಮ ಎದ್ದು ನಿಂತು ಕೇಳಿದರು. ದೆಹಲಿ ಕಾಯ್ದೆಯಂತೆ, ನೋಡೋಣ ಅಂದರು ಎಂದಷ್ಟೇ ಹೇಳಿದೆ. ಬಣ್ಣದ ವಿಷಯ ಬಾಯಿಗೆ ಬರಲಿಲ್ಲ.

ಮೂರು ವಾರದ ಮೇಲೆ ಆ ಪತ್ರ ಬಂತು. ಅಷ್ಟು ದಿನವೂ ನಾನು ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ: ಸಾರ್, ಟಿಪ್ಪಣಿಯಲ್ಲಿದ್ದದ್ದು ಗಾಡಿದಾರಿ, ಗ್ರಾಮನಕ್ಷೆಯ ಪ್ರಕಾರ ಅದು ಹಳೆಯ ದಾರಿ, ನಾನು ಹೊಸದನ್ನು ಹಿಡಿದುಬಿಟ್ಟೆ. ಇಷ್ಟೇ. ಆದರೆ ಮುದ್ರೆ ಬಿದ್ದ ನಕ್ಷೆ ತಿದ್ದಬೇಕಾದರೆ ಕಡತ ಮೇಲಕ್ಕೆ ಹೋಗಬೇಕು, ಯಾರು ಎಳೆದದ್ದು, ಯಾರ ಮಾತಿಗೆ ಎಳೆದದ್ದು ಎಂಬ ಪ್ರಶ್ನೆ ಬರಬೇಕು. ನನ್ನ ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಮಾಡುವವರ ಪಟ್ಟಿ ಆ ತಿಂಗಳ ಕೊನೆಗೆ ಹೊರಡುವುದಿತ್ತು, ಅದರಲ್ಲಿ ನನ್ನ ಹೆಸರಿದೆ ಎಂದು ಅಮ್ಮ ಆಗಲೇ ದೇವರಿಗೆ ಹೇಳಿಕೊಂಡಿದ್ದರು.

ಶಾಮಣ್ಣ ಪತ್ರವನ್ನು ಓದಿ, ಹಾಳೆಯನ್ನು ತರಿಸಿ, ನನ್ನ ಮೇಜಿನ ಮೇಲೇ ಹಾಸಿದರು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಅವರು ಮರೆತಿರಲಿಲ್ಲ.

"ಇಲ್ಲಿ ಎರಡು ದಾರಿ ಇದ್ವಲ್ಲೋ ಮೂರ್ತಿ. ಯಾವುದು ಹಿಡಿದೆ?"

"ವಿಲೇಜ್ ಮ್ಯಾಪಲ್ಲಿ ಇರೋದೇ ಸಾರ್."

"ಸರಿಯಾಗಿ ನೋಡಿ ಹೇಳು. ಯಾರದೋ ಜಮೀನಿನ ವಿಷಯ."

"ಸರಿಯಾಗೇ ಇದೆ ಸಾರ್."

ಗ್ರಾಮನಕ್ಷೆ ಪಕ್ಕದ ಬೀರುವಿನಲ್ಲೇ ಇತ್ತು, ತೆಗೆದು ಹೋಲಿಸಿದ್ದರೆ ಎರಡು ನಿಮಿಷದ ಕೆಲಸ. ತೆಗೆಯಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು, ತೆಗೆಯದಿರಲಿ ಎಂದು ಇನ್ನೊಂದು. ಅವರು ತೆಗೆಯಲಿಲ್ಲ, ನನ್ನ ಮಾತನ್ನು ನಂಬಿದರು. ಆ ತುಣುಕಿನಷ್ಟಕ್ಕೆ ಹೊಸದಾಗಿ ಪ್ರಿಂಟ್ ತೆಗೆದು, ಬಣ್ಣ ಹಾಕಿ, ಪತ್ರದ ಜೊತೆ ಲಗತ್ತಿಸಲು ಹೇಳಿ ಹೋದರು. ಮಳೆಗಾಲದ ತೇವಕ್ಕೆ ಕಾಗದ ಉಬ್ಬಿತ್ತು. ಮೊದಲ ಸಲ ಬಣ್ಣ ಹರಡಿಹೋಯಿತು. ಎರಡನೆಯ ಸಲ ಚೆನ್ನಾಗಿ ಬಂತು. ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆಯಿತು.

ಕಾರ್ತಿಕದಲ್ಲಿ ಸರ್ವೆಯವರು ಕಲ್ಲು ನೆಟ್ಟರು. ನಾನು ಹೋಗಿ ನಿಂತಿದ್ದೆ. ಯಾಕೆ ಹೋದೆನೋ, ಹೋಗದೆ ಇರಲಾಗಲಿಲ್ಲ. ಸೇವಂತಿಗೆ ಹೂ ಬಿಡುವ ಕಾಲ. ಸರಪಳಿ ಹಿಡಿದವರು ಸಾಲುಗಳ ಮಧ್ಯೆ ಹುಷಾರಾಗಿಯೇ ಕಾಲಿಟ್ಟರು, ಪಾಪ, ಅವರದೇನು ತಪ್ಪು. ಬಾವಿಯ ಸುತ್ತ ಹತ್ತು ಗುಂಟೆ ಬಿಟ್ಟು ಮಿಕ್ಕದ್ದು ಸರ್ಕಾರಕ್ಕೆ. ಚಿಕ್ಕತಾಯಮ್ಮ ಅಳಲಿಲ್ಲ. ಕೊಯ್ದುಕೊಳ್ಳಲು ಎಂಟು ದಿನ ಕೊಡಿ ಎಂದು ಕೇಳಿದರು, ಕೊಟ್ಟರು. ಎರಡು ದಾರಿಗಳ ನಡುವೆ ಅವರದೊಂದೇ ಅಲ್ಲ, ಇನ್ನೂ ಮೂರು ಮನೆಯವರ ಹೊಲಗಳಿದ್ದವು. ಅವರ ಮುಖ ಕೂಡ ನಾನು ನೋಡಿರಲಿಲ್ಲ. ಅವರು ಹಳದಿಯನ್ನು ಕೇಳಿಯೂ ಇರಲಿಲ್ಲ.

ಎಷ್ಟೋ ವರ್ಷ ನಾನು ದೆಹಲಿಯನ್ನು ಬೈದುಕೊಂಡು ತಿರುಗಿದೆ. ಎಲ್ಲೋ ಕೂತು ಬರೆದ ಕಾಯ್ದೆಗೆ ಹೇರೋಹಳ್ಳಿಯ ಮೆಂತ್ಯ ಏನು ಗೊತ್ತು ಎಂದು ಭಾಷಣ ಬಿಗಿಯುತ್ತಿದ್ದೆ. ದೊಡ್ಡ ಕಾಂಪೌಂಡಿನವರು ವಿನಾಯಿತಿ ಬರೆಸಿಕೊಂಡು ಉಳಿದುಕೊಂಡದ್ದನ್ನು ಕಂಡಾಗ ಆ ಸಿಟ್ಟಿಗೆ ಇನ್ನಷ್ಟು ಬಲ ಬರುತ್ತಿತ್ತು. ಸುಳ್ಳೇನಲ್ಲ. ಆದರೆ ಆ ಕಾಯ್ದೆ ತಾನಾಗಿ ಯಾವ ಹೊಲವನ್ನೂ ನೋಡಿರಲಿಲ್ಲ. ಊರಿನವರನ್ನು ಕೇಳಿ ಮುಂದುವರಿ ಎಂದು ಅದರಲ್ಲೇ ಬರೆದಿತ್ತು. ಊರಿನವರು ಎಂದರೆ ಆ ಹಾಳೆಯ ಮಟ್ಟಿಗೆ ನಾನು. ಮುಂದೆ ದೆಹಲಿಯೇ ಆ ಕಾಯ್ದೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಚಿಕ್ಕತಾಯಮ್ಮ ತೀರಿಕೊಂಡಿದ್ದರು, ಅವರ ಹೊಲದ ಮೇಲೆ ಎರಡು ಅಡ್ಡರಸ್ತೆಗಳು ಬಂದಿದ್ದವು. ಶಾಮಣ್ಣನವರಿಗಾದರೂ ಹೇಳಿಬಿಡಬೇಕು ಎಂದು ಅವರ ನಿವೃತ್ತಿಯ ದಿನ ಹಾರ ಹಿಡಿದು ನಿಂತಾಗಲೂ ಅಂದುಕೊಂಡೆ, ಹೇಳಲಿಲ್ಲ. ನನ್ನ ಹೆಂಡತಿಗೂ ಇವತ್ತಿನವರೆಗೆ ಹೇಳಿಲ್ಲ.

ಆ ವರ್ಷದ ಮಾಘದಲ್ಲಿ ಚಿಕ್ಕತಾಯಮ್ಮ ಬಾವಿಯ ಪಕ್ಕ ಕೋಣೆ ಕಟ್ಟಿಸಿಕೊಂಡರು. ಹಳದಿ ಜಾಗ, ಪರವಾನಗಿ ಸಲೀಸಾಗಿ ಸಿಕ್ಕಿತು. ಒಂದು ಕೋಣೆ, ಮುಂದೆ ಒಂದು ಜಗುಲಿ, ಮೇಲೆ ಮಂಗಳೂರು ಹೆಂಚು. ಗೃಹಪ್ರವೇಶಕ್ಕೆ ನಮ್ಮ ಬೀದಿಗೆ ಬಂದು ಕುಂಕುಮ ಇಟ್ಟು ಕರೆದರು. ಹೊಟ್ಟೆನೋವು ಎಂದು ತಪ್ಪಿಸಿಕೊಳ್ಳಲು ನೋಡಿದೆ, ಅಮ್ಮ ಬಿಡಲಿಲ್ಲ. ಹೋದರೆ, ಮೊದಲ ಪಂಕ್ತಿಯ ಮೊದಲ ಎಲೆಗೆ ನನ್ನನ್ನೇ ಕೂರಿಸಿದರು. ಊರಿನ ಹಿರಿಯರನ್ನು, ಮೈದುನನನ್ನು ಕೂಡ ಆಮೇಲೆ ಕೂರಿಸಿದರು. ಹಳದಿ ಬಳಿದುಕೊಟ್ಟು ಈ ಮನೆ ಮಾಡಿಕೊಟ್ಟವನು ಇವನೇ ಎಂದು ಬಂದವರಿಗೆಲ್ಲ ತೋರಿಸಿದರು. ರತ್ನ ಬಂದು ನನ್ನ ಕಾಲು ಮುಟ್ಟಿದಳು. ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು.

ನಾನು ತಲೆ ಎತ್ತದೆ ಊಟ ಮಾಡುತ್ತಿದ್ದೆ. ಚಿಕ್ಕತಾಯಮ್ಮ ಒಬ್ಬಟ್ಟಿನ ಪಾತ್ರೆ ಹಿಡಿದು ಎಲೆಯ ಮುಂದೆ ಬಗ್ಗಿದವರು ಹಾಗೇ ನಿಂತರು. ಅವರ ಬೆನ್ನ ಹಿಂದೆ, ಸರ್ವೆ ಕಲ್ಲುಗಳ ಆಚೆಗೆ, ಉಳದೆ ಬಿಟ್ಟ ಮಣ್ಣು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

"ಅಲ್ಲ ಮೂರ್ತಪ್ಪ, ನೀನು ಅದೇ ಆಫೀಸಲ್ಲೇ ಇದ್ದೆ. ಹೊಲ ಕಿತ್ಕೊಳ್ಳೋಕ್ ಮುಂಚೆ ಆ ದಿಲ್ಲಿಯೋರು ನಿನ್ನ ಒಂದ್ ಮಾತು ಕೇಳಬಾರ್ದಾಗಿತ್ತಾ?"

ಕೇಳಿದ್ದರು. ಪತ್ರ ಬರೆದು, ಉತ್ತರಕ್ಕಾಗಿ ಕಾದು, ಕೇಳಿದ್ದರು.

"ಅವ್ರೆಲ್ಲಿ ಕೇಳ್ತಾರೆ ತಾಯಮ್ಮ," ಎಂದೆ.

ಹೌದು ಬಿಡು ಎಂಬಂತೆ ತಲೆಯಾಡಿಸಿ, ಅವರು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಅದರ ಮೇಲೆ ತಾವೇ ತುಪ್ಪ ಬಡಿಸಿದರು.